ಹಂಚಿನ ಕಾರ್ಖಾನೆಯಲ್ಲಿರುವ ಪುಷ್ಪಕ್ ಮತ್ತೆ ಹಾರುತ್ತದಾ?

ಪ್ರಶ್ನೆ: ಸರ್, ಗುರುಪುರ ಹೊಳೆಯ ಬದಿಯಲ್ಲಿ ನಮ್ಮದೊಂದು ಹಳೆಯ ಹಂಚಿನ ಕಾರ್ಖಾನೆ ಇದೆ, ಈಗ ಮುಚ್ಚಿದೆ. ನನ್ನ ಸೋದರಮಾವ ಬೇರೆ ರಾಜ್ಯದ ಫ್ಲೈಯಿಂಗ್ ಕ್ಲಬ್ ಒಂದರ ಹರಾಜಿನಲ್ಲಿ ಎಚ್‌ಎಎಲ್ ಪುಷ್ಪಕ್ ವಿಮಾನವೊಂದನ್ನು ಕೊಂಡು ತಂದು ಅಲ್ಲಿ ಇಟ್ಟಿದ್ದರು. ಅವರು ತೀರಿಹೋಗಿ ನಾಲ್ಕು ವರ್ಷ ಆಯಿತು. ವಿಮಾನ ಅಲ್ಲಿಗೆ ಬಂದು 20 ವರ್ಷದ ಮೇಲಾಯಿತು. ರೆಕ್ಕೆಗಳನ್ನು ಬಿಚ್ಚಿ ಜಂತಿಗೆ ತೂಗು ಹಾಕಿದ್ದಾರೆ. ಬಟ್ಟೆ ಅಲ್ಲಲ್ಲಿ ಹರಿದಿದೆ, ಆದರೆ ಚೌಕಟ್ಟು ಗಟ್ಟಿಯಾಗಿಯೇ ಕಾಣುತ್ತದೆ. ಅದನ್ನು ಸರಿಪಡಿಸಿ ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣದಿಂದ ಹಾರಿಸುವ ಆಸೆ. ಕೈಯಲ್ಲಿ 15 ಲಕ್ಷ ಇದೆ. ಎಲ್ಲಿಂದ ಶುರು ಮಾಡಲಿ? ಫೋಟೋ ಕಳಿಸಿದ್ದೇನೆ.

ಉತ್ತರ: ಫೋಟೋಗಳನ್ನು ಮೂರು ಸಲ ನೋಡಿದೆ. ನಿಮ್ಮ ಮಾವ ರೆಕ್ಕೆಗಳನ್ನು ನೆಲಕ್ಕೆ ತಾಗಿಸದೆ ಮೇಲೆ ತೂಗು ಹಾಕಿದ್ದಾರಲ್ಲ, ಅದು ತಿಳಿದವರ ಕೆಲಸ. ಮೊದಲು ಅವರಿಗೊಂದು ನಮಸ್ಕಾರ.

ಪುಷ್ಪಕ್ ಬಗ್ಗೆ ಗೊತ್ತಿಲ್ಲದ ಓದುಗರಿಗಾಗಿ ಎರಡು ಮಾತು. ಇದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಇಬ್ಬರು ಕೂರುವ ಪುಟ್ಟ ವಿಮಾನ. ಅಮೆರಿಕದ ಏರೋಂಕಾ ಚೀಫ್ ಮಾದರಿಯ ಮೇಲೆ ಕಟ್ಟಿದ್ದು. 1958ರ ಸೆಪ್ಟೆಂಬರಿನಲ್ಲಿ ಮೊದಲ ಸಲ ಹಾರಿತು. ಸುಮಾರು 150 ವಿಮಾನಗಳು ತಯಾರಾದವು, ಹೆಚ್ಚಿನವು ಫ್ಲೈಯಿಂಗ್ ಕ್ಲಬ್‌ಗಳಿಗೆ ಹೋದವು. 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್, ಮೇಲ್ಗಡೆ ರೆಕ್ಕೆ, ಹಿಂದೆ ಪುಟ್ಟ ಬಾಲಚಕ್ರ. ಒಂದು ಕಾಲದಲ್ಲಿ ನಮ್ಮ ದೇಶದ ಎಷ್ಟೋ ಪೈಲಟ್‌ಗಳು ಮೊದಲು ಹಾರಲು ಕಲಿತದ್ದು ಇದರಲ್ಲೇ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಹೇಳುತ್ತೇನೆ. ಸರಿಪಡಿಸಲು ಸಾಧ್ಯ ಇದೆ. ಬಜ್ಪೆಯಲ್ಲಿ ಇಟ್ಟು ಹಾರಿಸುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. 15 ಲಕ್ಷ ಸಾಲದು. ಆದರೆ ಈ ಮೂರಕ್ಕಿಂತ ಮೊದಲಿನ ಮಾತೊಂದಿದೆ. "ಚೌಕಟ್ಟು ಗಟ್ಟಿಯಾಗಿಯೇ ಕಾಣುತ್ತದೆ" ಎಂದು ಬರೆದಿದ್ದೀರಿ. ಕಾಣುವುದನ್ನು ನಂಬಬೇಡಿ. ನಮ್ಮ ಕರಾವಳಿಯಲ್ಲಿ 20 ಮಳೆಗಾಲ ಕಳೆದ ವಿಮಾನ ಹಾಳಾಗುವುದು ಒಳಗಿನಿಂದ.

ನಾನು ವಿಮಾನ ರಿಪೇರಿಯ ಕೆಲಸಕ್ಕೆ ಸೇರಿದ ಹೊಸತರಲ್ಲಿ ಆದದ್ದು ಹೇಳುತ್ತೇನೆ. ಒಂದು ಕ್ಲಬ್ಬಿನಲ್ಲಿ ಇಂಥದೇ ಬಟ್ಟೆ ಹೊದಿಸಿದ ವಿಮಾನಕ್ಕೆ ಹೊಸ ಬಣ್ಣ ಹೊಡೆದು ನಿಲ್ಲಿಸಿದ್ದರು. ಮದುಮಗನ ಹಾಗೆ ಹೊಳೆಯುತ್ತಿತ್ತು. ನನ್ನ ಹಿರಿಯ ಎಂಜಿನಿಯರ್ ಏನೂ ಮಾತಾಡದೆ ಬಾಲದ ಕೆಳಗೆ ಅಂಗಾತ ಮಲಗಿದರು. ಜೇಬಿನಿಂದ ಗೋಣಿ ಹೊಲಿಯುವ ದಬ್ಬಣ ತೆಗೆದು, ಕೆಳಗಿನ ಉಕ್ಕಿನ ಕೊಳವೆಗೆ ಬಟ್ಟೆಯ ಮೇಲಿನಿಂದಲೇ ಒತ್ತಿದರು. ಒಂದು ಕಡೆ ಟಕ್ ಅಂತ ನಿಂತಿತು. ಒಂದು ಗೇಣು ಹಿಂದೆ ಒತ್ತಿದಾಗ ದಬ್ಬಣ ಹಪ್ಪಳಕ್ಕೆ ಚುಚ್ಚಿದ ಹಾಗೆ ಒಳಗೆ ಹೋಯಿತು. ಹೊರಗೆ ಎಳೆದಾಗ ತುದಿಯಿಂದ ಕೆಂಪು ನೀರು ಅವರ ಅಂಗಿಯ ಮೇಲೆ ತೊಟ್ಟಿಕ್ಕಿತು. ಹಿಂದಿನ ವಾರದವರೆಗೂ ಆ ವಿಮಾನದಲ್ಲಿ ಹುಡುಗರು ಹಾರುತ್ತಿದ್ದರು.

ಯಾಕೆ ಅಲ್ಲೇ? ಬಾಲಚಕ್ರದ ವಿಮಾನ ನಿಂತಾಗ ಬಾಲ ಕೆಳಗಿರುತ್ತದೆ. ಒಳಗೆ ಸೇರಿದ ನೀರೆಲ್ಲ ಕೊನೆಗೆ ಅಲ್ಲಿಗೇ ಇಳಿಯುತ್ತದೆ. ಕೊಳವೆಯ ಗೋಡೆ ಒಂದು ಮಿಲಿಮೀಟರಿಗಿಂತ ತೆಳು. ತುಕ್ಕು ಒಳಗಿನಿಂದ ತಿಂದು ಬಂದರೆ ಹೊರಗಿನ ಬಣ್ಣ ಕೊನೆಯ ದಿನದವರೆಗೂ ಚೆನ್ನಾಗಿಯೇ ಇರುತ್ತದೆ. ಹಾಗಾಗಿ ರಿಪೇರಿಯಲ್ಲಿ ನಿಮ್ಮ ಮೊದಲ ಕೆಲಸ ಮರಳುಕಾಗದ ತಿಕ್ಕುವುದಲ್ಲ. ಬಟ್ಟೆ ಬಿಚ್ಚಿ ನೋಡುವುದು. ಕೆಳಗಿನ ಎರಡು ಉದ್ದ ಕೊಳವೆಗಳು, ಚಕ್ರದ ಕಾಲು ಕೂರುವ ಜಾಗ, ರೆಕ್ಕೆಯ ಆನುಗಂಬಗಳ ಕೆಳತುದಿ, ಈ ಮೂರು ಕಡೆ ಇಂಚಿಂಚೂ ನೋಡಿ. ಕೊಳೆತ ತುಂಡನ್ನು ಕತ್ತರಿಸಿ ಹೊಸದು ಬೆಸೆಯಬಹುದು, ಅದಕ್ಕೆ ಒಪ್ಪಿತ ವಿಧಾನ ಇದೆ. ಆದರೆ ಗೇಟು ಗ್ರಿಲ್ಲು ಮಾಡುವ ವೆಲ್ಡರ್ ಕೈಗೆ ಅದನ್ನು ಕೊಡಬೇಡಿ. ಬೆಸುಗೆ ಮುಗಿದ ಮೇಲೆ ಕೊಳವೆಯೊಳಗೆ ಅಗಸೆ ಎಣ್ಣೆ ಹಾಯಿಸಿ, ಬಸಿದು, ತೂತು ಮುಚ್ಚುವ ಹಳೆಯ ಪದ್ಧತಿ ಒಂದಿದೆ. ನಮ್ಮ ಹವೆಗೆ ಅದನ್ನು ತಪ್ಪಿಸಲೇಬಾರದು.

ಇನ್ನು ರೆಕ್ಕೆ. ಏರೋಂಕಾ ಚೀಫ್‌ನ ರೆಕ್ಕೆಯ ಬೆನ್ನೆಲುಬು, ಅಂದರೆ ಸ್ಪಾರ್, ಸ್ಪ್ರೂಸ್ ಮರದ್ದು. ಅಡ್ಡಕ್ಕೆ ಇರುವ ರಿಬ್‌ಗಳು ಅಲ್ಯೂಮಿನಿಯಂ. ನಿಮ್ಮ ನಾಲ್ಕನೇ ಫೋಟೋದಲ್ಲಿ, ಬಟ್ಟೆ ಹರಿದ ಕಡೆ, ನನಗೂ ಮರವೇ ಕಾಣಿಸಿತು. ಅಲ್ಲಿ ಟಾರ್ಚ್ ಹಿಡಿದು ನಾಲ್ಕು ವಿಷಯ ನೋಡಿ. ಮರದ ಎಳೆಗೆ ಅಡ್ಡವಾಗಿ ಕೂದಲಿನಷ್ಟು ತೆಳು ಗೆರೆ ಇದೆಯಾ? ಅದು ಒತ್ತಡಕ್ಕೆ ಮರ ಒಳಗೇ ಮುರಿದ ಗುರುತು. ಬೆಳಕನ್ನು ನೇರ ಬಿಟ್ಟರೆ ಕಾಣುವುದಿಲ್ಲ, ಓರೆಯಾಗಿ ಬಿಡಬೇಕು. ಬೋಲ್ಟಿನ ಸುತ್ತ ಮರ ಕಪ್ಪಾಗಿದೆಯಾ? ಅಲ್ಲಿ ನೀರು ನಿಂತಿದೆ ಎಂದರ್ಥ. ಒರಲೆಯ ಮಣ್ಣಿನ ಗೆರೆ ಇದೆಯಾ? ಇಲಿ ಗೂಡು ಇದೆಯಾ? ಇಲಿಯ ಮೂತ್ರ ಅಲ್ಯೂಮಿನಿಯಂ ರಿಬ್ಬನ್ನು ಬಿಳಿ ಪುಡಿ ಮಾಡಿಬಿಡುತ್ತದೆ. ಹಂಚಿನ ಮಾಡಿನ ಕಟ್ಟಡದಲ್ಲಿ ಇಲಿ ಇಲ್ಲದಿರುವುದು ಕಷ್ಟ, ಅಲ್ವಾ.

ಸ್ಪಾರ್ ಕೆಟ್ಟಿದ್ದರೆ ನಿಮ್ಮ ಊರಿನ ಆಚಾರಿಗಳು ಖಂಡಿತ ಒಂದು ಮಾತು ಹೇಳುತ್ತಾರೆ: "ಇದ್ಯಾವ ಮೆತ್ತನೆ ಮರ, ಒಳ್ಳೆ ಸಾಗುವಾನಿಯಲ್ಲಿ ಮಾಡಿಕೊಡ್ತೇನೆ." ಅವರ ಕೈಗೆಲಸದ ಬಗ್ಗೆ ನನಗೆ ಬಹಳ ಗೌರವ ಇದೆ. ಆದರೂ ಒಪ್ಪಬೇಡಿ. ಸಾಗುವಾನಿ ಸ್ಪ್ರೂಸ್‌ಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಪುಷ್ಪಕ್‌ನ ಖಾಲಿ ತೂಕವೇ 400 ಕೆಜಿಯ ಆಸುಪಾಸು. ಇಬ್ಬರು ಕೂತು, ಪೆಟ್ರೋಲ್ ತುಂಬಿ, 610 ಕೆಜಿಗೆ ಅದರ ಮಿತಿ ಮುಗಿಯುತ್ತದೆ. ಅಂದರೆ ನಿಮ್ಮ ಹತ್ತಿರ ಇರುವ ಉಳಿಕೆ 200 ಕೆಜಿ ಚಿಲ್ಲರೆ. ಮರದಲ್ಲಿ ಹತ್ತು, ಬಣ್ಣದಲ್ಲಿ ಹತ್ತು, ಸೀಟಿನ ಸ್ಪಂಜಿನಲ್ಲಿ ಐದು ಅಂತ ಕೊಡುತ್ತಾ ಹೋದರೆ ಜೊತೆಗೆ ಕೂರುವವರಿಗೆ ಜಾಗವೇ ಉಳಿಯುವುದಿಲ್ಲ. ಸ್ಪಾರ್‌ಗೆ ವಿಮಾನ ದರ್ಜೆಯ ಸ್ಪ್ರೂಸ್ ಆಮದು ಮಾಡಿಸಬೇಕು, ಅದಕ್ಕೆ ರಿಲೀಸ್ ಸರ್ಟಿಫಿಕೇಟ್, ಅಂದರೆ ವಿಮಾನಕ್ಕೆ ಬಳಸಬಹುದೆಂಬ ಪ್ರಮಾಣಪತ್ರ, ಇರಬೇಕು.

ಬಟ್ಟೆಯ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಈ ಕೆಲಸದಲ್ಲಿ ನನಗೆ ಅತ್ಯಂತ ಪ್ರೀತಿಯ ಭಾಗ ಇದು. ಹಿಂದೆ ಹತ್ತಿ ಬಟ್ಟೆ ಹೊದಿಸಿ ಡೋಪ್, ಅಂದರೆ ಬಟ್ಟೆಯನ್ನು ಬಿಗಿ ಮಾಡುವ ವಾರ್ನಿಶ್‌ನಂಥ ದ್ರವ, ಹಚ್ಚುತ್ತಿದ್ದರು. ಈಗ ಒಪ್ಪಿಗೆ ಪಡೆದ ಪಾಲಿಯೆಸ್ಟರ್ ಬಟ್ಟೆ ಬಳಸುತ್ತಾರೆ. ಮೊದಲು ಸಡಿಲವಾಗಿ ಹೊದಿಸಿ ಅಂಚು ಅಂಟಿಸುವುದು. ಆಮೇಲೆ ಇಸ್ತ್ರಿಪೆಟ್ಟಿಗೆ ಆಡಿಸುವುದು. ಮೊದಲ ಸುತ್ತು ಕಡಿಮೆ ಬಿಸಿಯಲ್ಲಿ, ಕೊನೆಯ ಸುತ್ತು 177 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬಟ್ಟೆ ಕಣ್ಣೆದುರೇ ಕುಗ್ಗಿ, ಚೆಂಡೆಯ ಚರ್ಮದ ಹಾಗೆ ಬಿಗಿಯುತ್ತದೆ. ಬೆರಳಲ್ಲಿ ಬಡಿದರೆ ಸದ್ದು ಬರುತ್ತದೆ. ಬಿಸಿ ಜಾಸ್ತಿಯಾದರೆ ಬಿಗಿ ಕಳೆದುಕೊಳ್ಳುತ್ತದೆ, ಮತ್ತೆ ಬಿಗಿಯಾಗುವುದಿಲ್ಲ. ಮನೆಯ ಇಸ್ತ್ರಿಪೆಟ್ಟಿಗೆಯ ತಿರುಗಣೆಯ ಮೇಲಿನ ಗುರುತು ನಂಬಬೇಡಿ, ಥರ್ಮಾಮೀಟರ್ ಇಟ್ಟು ಅಳೆದು ಗುರುತು ಹಾಕಿಕೊಳ್ಳಿ.

ಬಿಗಿದ ಬಟ್ಟೆಯನ್ನು ಪ್ರತಿ ರಿಬ್‌ಗೂ ಹೊಲಿಯುವುದು ಮುಂದಿನ ಕೆಲಸ. ಹಾರುವಾಗ ರೆಕ್ಕೆಯ ಮೇಲ್ಮೈಯ ಬಟ್ಟೆಯನ್ನು ಗಾಳಿ ಮೇಲಕ್ಕೆ ಎಳೆಯುತ್ತದೆ. ಅದನ್ನು ಹಿಡಿದಿಡುವುದು ಈ ಹೊಲಿಗೆ. ಕೆಲವು ವಿಮಾನಗಳಲ್ಲಿ ಹೊಲಿಗೆಯ ಬದಲು ತಿರುಪು ಅಥವಾ ರಿವೆಟ್ ಇರುತ್ತದೆ. ನಿಮ್ಮ ವಿಮಾನದ ಕೈಪಿಡಿಯಲ್ಲಿ ಏನಿದೆಯೋ ಅದನ್ನೇ ಮಾಡಬೇಕು. ಹೊಲಿಯುವುದಾದರೆ ರೆಕ್ಕೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಆಚೆಗೊಬ್ಬರು ಈಚೆಗೊಬ್ಬರು ಕೂರಬೇಕು. ಮೊಳದುದ್ದದ ಸೂಜಿ. ಮೇಣ ಸವರಿದ ದಾರ. ನಾನು ಚುಚ್ಚಿ ಕಳಿಸಿದ್ದನ್ನು ನೀವು ಎಳೆದು ಮರಳಿ ಕಳಿಸುತ್ತೀರಿ. ಮೂರು ಇಂಚಿನ ಆಸುಪಾಸಿಗೆ ಒಂದು ಗಂಟು. ಪ್ರೊಪೆಲ್ಲರ್ ಗಾಳಿ ಹೊಡೆಯುವ ಜಾಗದಲ್ಲಿ ಇನ್ನೂ ಹತ್ತಿರ.

ಆ ಗಂಟಿನ ಹೆಸರು ಸೀನ್ ನಾಟ್. ಸೀನ್ ಎಂದರೆ ನಮ್ಮ ರಂಪಣಿಯಂಥ ಎಳೆಯುವ ಬಲೆ. ಕಲಿಯುವಾಗ ನನಗೆ ಈ ಗಂಟು ಬಹಳ ಕಾಟ ಕೊಟ್ಟಿತ್ತು. ಎಳೆದಾಗ ಜಾರುತ್ತಿತ್ತು. ರಜೆಯಲ್ಲಿ ಊರಿಗೆ ಬಂದಾಗ ದಾರದ ಉಂಡೆ ಹಿಡಿದುಕೊಂಡು ಮಲ್ಪೆ ಬಂದರಿಗೆ ಹೋದೆ. ಬಲೆ ರಿಪೇರಿ ಮಾಡುತ್ತಾ ಕೂತಿದ್ದ ಮೊಗವೀರ ಅಜ್ಜರೊಬ್ಬರಿಗೆ ಚಿತ್ರ ತೋರಿಸಿದೆ. ಅವರು ದಾರವನ್ನು ಹೆಬ್ಬೆರಳಿನ ಕೆಳಗೆ ಒತ್ತಿ ಹಿಡಿದು, ಒಂದು ಸುತ್ತು ಹಾಕಿ, ಹೆಬ್ಬೆರಳು ಎತ್ತದೆಯೇ ಎಳೆದರು. ಗಂಟು ಕೂತಿತು. "ನಮ್ಮ ಗಂಟಿನ ತಮ್ಮ ಇದು" ಅಂದರು. ನನ್ನ ತಪ್ಪು ಆಗ ಗೊತ್ತಾಯಿತು. ನಾನು ಎಳೆಯುವ ಮೊದಲೇ ಹೆಬ್ಬೆರಳು ಎತ್ತುತ್ತಿದ್ದೆ. ನಿಮ್ಮ ಊರಿನಿಂದ ಬೆಂಗ್ರೆ ದೂರ ಇಲ್ಲ. ಬಲೆ ಹೆಣೆಯುವ ಇಬ್ಬರನ್ನು ಕರೆತನ್ನಿ. ಲೈಸೆನ್ಸ್ ಇರುವ ಎಂಜಿನಿಯರ್ ಪಕ್ಕದಲ್ಲಿ ನಿಂತು ನೋಡಿ ಸಹಿ ಹಾಕುವುದಾದರೆ, ಅವರಿಗಿಂತ ಒಳ್ಳೆಯ ಕೈ ಈ ಕೆಲಸಕ್ಕೆ ಸಿಗುವುದಿಲ್ಲ.

ಬಣ್ಣ ಮತ್ತು ಡೋಪ್ ಹಚ್ಚುವ ಕಾಲ ನಮ್ಮಲ್ಲಿ ಬಹಳ ಮುಖ್ಯ. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅಲ್ಲಿ ನೀರು ಕೂತು, ಹಚ್ಚಿದ ಪದರ ಹಾಲಿನಂತೆ ಬೆಳ್ಳಗಾಗುತ್ತದೆ. ಆ ಪದರಕ್ಕೆ ಬಲ ಇಲ್ಲ. ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಬೆಳಿಗ್ಗೆ 10 ಗಂಟೆ ಕಳೆದು ಇಬ್ಬನಿ ಪೂರ್ತಿ ಆರಿದ ಮೇಲೆ ಹಚ್ಚಿ. ಉಳಿದ ತಿಂಗಳುಗಳಲ್ಲಿ ಬೇರೆ ಕೆಲಸ ಮಾಡಿಕೊಳ್ಳಿ. ನಡುವೆ ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಪದರ ಹಾಕುತ್ತಾರಲ್ಲ, ಅದು ಚಂದಕ್ಕಲ್ಲ. ಬಿಸಿಲು ಬಟ್ಟೆಯನ್ನು ತಿನ್ನದಂತೆ ತಡೆಯುವುದು ಅದೇ. ಕಾರ್ಖಾನೆಯೊಳಗೆ ಬೀಡಿ, ಸ್ಟವ್ ಯಾವುದೂ ಬೇಡ. ನೈಟ್ರೇಟ್ ಡೋಪ್ ಹತ್ತಿಕೊಂಡರೆ ಆರಿಸಲು ಸಮಯ ಸಿಗುವುದಿಲ್ಲ.

ಎಂಜಿನ್ ವಿಷಯದಲ್ಲಿ ಒಂದು ಕಟ್ಟುನಿಟ್ಟಿನ ಮಾತು: ಪ್ರೊಪೆಲ್ಲರನ್ನು ತಿರುಗಿಸಿ ನೋಡಬೇಡಿ. ಬಂದವರೆಲ್ಲ ಮೊದಲು ಮಾಡುವುದೇ ಅದು. ಸಿಲಿಂಡರಿನ ಒಳಗೆ ತುಕ್ಕು ಕೂತಿದ್ದರೆ ಒಂದೇ ಸುತ್ತಿಗೆ ಪಿಸ್ಟನ್ನಿನ ರಿಂಗ್ ಅದನ್ನು ಕೆರೆದು ಗೀರು ಹಾಕುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಎಣ್ಣೆ ಸಿಂಪಡಿಸಿ, ಸಣ್ಣ ಕ್ಯಾಮೆರಾ ಇಳಿಸಿ ನೋಡಿಸಿ. ನಿಮ್ಮ ಪಾಲಿಗೆ ಒಂದು ಸಮಾಧಾನ ಇದೆ. ಕಾಂಟಿನೆಂಟಲ್‌ನ ಈ ಎಂಜಿನ್ನಿನಲ್ಲಿ ವಾಲ್ವ್‌ಗಳನ್ನು ತೆರೆಯುವ ದಂಡ, ಅಂದರೆ ಕ್ಯಾಮ್‌ಶಾಫ್ಟ್, ಪ್ರೊಪೆಲ್ಲರನ್ನು ತಿರುಗಿಸುವ ಕ್ರ್ಯಾಂಕ್‌ಶಾಫ್ಟಿನ ಕೆಳಗಿದೆ. ಮೇಲಿದ್ದರೆ ಎಣ್ಣೆ ಬೇಗ ಬಸಿದು ಹೋಗಿ ಒಣಗುತ್ತದೆ. ಕೆಳಗಿರುವುದು ತುಕ್ಕು ಹಿಡಿಯುವುದು ತುಸು ನಿಧಾನ. ಆದರೂ 20 ವರ್ಷ ನಿಂತ ಎಂಜಿನ್ ಪೂರ್ತಿ ಓವರ್‌ಹಾಲ್ ಆಗದೆ ಆಕಾಶಕ್ಕೆ ಹೋಗಬಾರದು. ನಿಮ್ಮ 15 ಲಕ್ಷವನ್ನು ಅದೊಂದೇ ಪೂರ್ತಿ ತಿಂದರೂ ಆಶ್ಚರ್ಯ ಇಲ್ಲ. ಪ್ರೊಪೆಲ್ಲರ್ ಮರದ್ದಾಗಿದ್ದರೆ, ತಿರುಗಿಸದೆ ಬಿಚ್ಚಿ ತೆಗೆದು ಅಡ್ಡಕ್ಕೆ ಇಡಿ. ನೆಟ್ಟಗೆ ನಿಂತರೆ ತೇವ ಕೆಳಗಿನ ಅಲಗಿಗೆ ಇಳಿದು ಸಮತೋಲ ಕೆಡುತ್ತದೆ.

ಬಂಕಿನ ಪೆಟ್ರೋಲ್ ಹಾಕುವ ಯೋಚನೆ ಬೇಡ. ಈಗ ಅದರಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಅದು ಹಳೆಯ ರಬ್ಬರ್, ಕಾರ್ಕ್‌ಗಳನ್ನು ಕೆಡಿಸುತ್ತದೆ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ವಿಮಾನದ ಪೆಟ್ರೋಲ್ 100ಎಲ್‌ಎಲ್ ಬೇಕು. 2022ರಿಂದ ಇಂಡಿಯನ್ ಆಯಿಲ್ ಅದನ್ನು ನಮ್ಮ ದೇಶದಲ್ಲೇ ತಯಾರಿಸುತ್ತಿದೆ. ಈ ಹಳೆಯ ಎಂಜಿನ್ನಿಗೆ ಅದರಲ್ಲಿರುವ ಸೀಸ ಸ್ವಲ್ಪ ಜಾಸ್ತಿಯೇ. ಪ್ಲಗ್‌ಗಳನ್ನು ಆಗಾಗ ಬಿಚ್ಚಿ ಸ್ವಚ್ಛ ಮಾಡುತ್ತಿರಬೇಕು.

ಕಾಗದಪತ್ರದ ಮಾತು. ಇದನ್ನು ಇಷ್ಟು ತಡವಾಗಿ ಬರೆದರೂ ನೀವು ಮೊದಲು ಮಾಡಬೇಕು. ವಿಮಾನದ ಗುರುತು ಇರುವುದು ಮೂರು ಲಾಗ್‌ಬುಕ್‌ಗಳಲ್ಲಿ: ಚೌಕಟ್ಟಿಗೆ ಒಂದು, ಎಂಜಿನ್ನಿಗೆ ಒಂದು, ಪ್ರೊಪೆಲ್ಲರಿಗೆ ಒಂದು. ಜೊತೆಗೆ ಚೌಕಟ್ಟಿನ ಮೇಲಿನ ತಗಡಿನ ನಂಬರ್, ಹರಾಜಿನ ರಸೀದಿ, ಮತ್ತು ಮಾವನಿಂದ ನಿಮ್ಮ ಹೆಸರಿಗೆ ಬಂದದ್ದಕ್ಕೆ ದಾಖಲೆ. ಇವನ್ನು ಇಟ್ಟುಕೊಂಡು ನಾಗರಿಕ ವಿಮಾನಯಾನದ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎಗೆ ಬರೆಯಿರಿ. ವಿಮಾನದ ನೋಂದಣಿ ಸಂಖ್ಯೆ, ಅಂದರೆ ವಿಟಿ ನಂಬರ್, ರಿಜಿಸ್ಟರಿನಲ್ಲಿ ಇನ್ನೂ ಇದೆಯಾ, ತೆಗೆದು ಹಾಕಿದ್ದಾರಾ, ಮತ್ತೆ ಹಾರಾಟಯೋಗ್ಯತೆಯ ಸರ್ಟಿಫಿಕೇಟ್ ಸಿಗಬೇಕಾದರೆ ಏನೇನು ಬೇಕು ಎಂದು ಲಿಖಿತವಾಗಿ ಕೇಳಿ. 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಎಂಬ ಹೊಸ ಕಾನೂನು ಜಾರಿಗೆ ಬಂದಿದೆ. ಆದ್ದರಿಂದ ಹಳಬರು ಬಾಯಿಮಾತಲ್ಲಿ ಹೇಳಿದ್ದನ್ನು ನಂಬಿ ಹಣ ಹಾಕಬೇಡಿ. ಲಾಗ್‌ಬುಕ್ ಸಿಗದಿದ್ದರೆ? ಆಗ ಹಾರಿಸುವ ಆಸೆ ಬಿಟ್ಟು, ಚೆನ್ನಾಗಿ ಕೂಡಿಸಿ ಇಂಜಿನಿಯರಿಂಗ್ ಕಾಲೇಜೊಂದಕ್ಕೆ ಕೊಡಿ ಎನ್ನುತ್ತೇನೆ. ಮಕ್ಕಳು ಮುಟ್ಟಿ ಕಲಿಯಲು ಇದಕ್ಕಿಂತ ಒಳ್ಳೆಯ ವಸ್ತು ಇಲ್ಲ.

ಈಗ ಹಾರಾಟ. ಖಾಸಗಿ ಪೈಲಟ್ ಲೈಸೆನ್ಸ್‌ಗೆ 17 ವರ್ಷ ತುಂಬಿರಬೇಕು, 10ನೇ ತರಗತಿ ಪಾಸಾಗಿರಬೇಕು, ವೈದ್ಯಕೀಯ ಪರೀಕ್ಷೆ ದಾಟಬೇಕು, ಕಡಿಮೆಯೆಂದರೆ 40 ಗಂಟೆ ಹಾರಿರಬೇಕು. ಆದರೆ ಈಗಿನ ತರಬೇತಿ ವಿಮಾನಗಳಿಗೆ ಮೂಗಿನ ಕೆಳಗೆ ಚಕ್ರ ಇರುತ್ತದೆ. ಬಾಲಚಕ್ರದ್ದು ಬೇರೆಯೇ ವಿದ್ಯೆ. ಅಂಗಡಿಯ ಟ್ರಾಲಿಯನ್ನು ಹಿಮ್ಮುಖವಾಗಿ ಜೋರಾಗಿ ತಳ್ಳಿ ಬಿಟ್ಟು ನೋಡಿ. ನಾಲ್ಕು ಮಾರು ಹೋಗುವಷ್ಟರಲ್ಲಿ ಗಿರಕಿ ಹೊಡೆಯುತ್ತದೆ. ಭಾರ ಮುಖ್ಯ ಚಕ್ರಗಳ ಹಿಂದೆ ಇರುವುದರಿಂದ ಈ ವಿಮಾನವೂ ನೆಲ ಮುಟ್ಟಿದ ಮೇಲೆ ಹಾಗೇ ತಿರುಗಲು ನೋಡುತ್ತದೆ. ಪೂರ್ತಿ ನಿಲ್ಲುವವರೆಗೂ ಕಾಲು, ವಿಮಾನದ ದಿಕ್ಕು ತಿರುಗಿಸುವ ರಡ್ಡರ್ ಪೆಡಲ್ ಮೇಲೆ ಎಚ್ಚರವಾಗಿರಬೇಕು. ಬಾಲಚಕ್ರ ಬಲ್ಲ ಶಿಕ್ಷಕರನ್ನು ಈಗಲೇ ಹುಡುಕಿಕೊಳ್ಳಿ, ವಿಮಾನ ತಯಾರಾದ ಮೇಲಲ್ಲ.

ನಿಮ್ಮ ಫೋಟೋದಲ್ಲಿ ಸ್ಟಾರ್ಟರ್ ಕಾಣಲಿಲ್ಲ. ಹಾಗಾದರೆ ಪ್ರೊಪೆಲ್ಲರನ್ನು ಕೈಯಿಂದ ಎಳೆದೇ ಎಂಜಿನ್ ಶುರು ಮಾಡಬೇಕು. ಸ್ವಿಚ್ ಆಫ್ ಇದ್ದರೂ ಪ್ರೊಪೆಲ್ಲರ್ ಜೀವಂತ ಇದೆ ಎಂದೇ ತಿಳಿಯಿರಿ. ಪ್ಲಗ್‌ಗೆ ಕಿಡಿ ಕೊಡುವ ಮ್ಯಾಗ್ನೆಟೊದಿಂದ ಸ್ವಿಚ್ಚಿಗೆ ಬರುವ ತಂತಿ ತುಂಡಾದರೆ ಮ್ಯಾಗ್ನೆಟೊ ಆಫ್ ಆಗುವುದೇ ಇಲ್ಲ. ಚಕ್ರಕ್ಕೆ ಗಟ್ಟೆ, ಬಾಲಕ್ಕೆ ಹಗ್ಗ, ಒಳಗೆ ಬ್ರೇಕ್ ಒತ್ತಿ ಕೂತ ಪೈಲಟ್. ಈ ಮೂರೂ ಇಲ್ಲದೆ ಯಾರೂ ಅಲಗಿಗೆ ಕೈ ಹಾಕಬಾರದು. ಲುಂಗಿ, ಶಾಲು, ಉಂಗುರ ಯಾವುದೂ ಬೇಡ.

ಬಜ್ಪೆ ಯಾಕೆ ಬೇಡ ಎಂದೆ? ಆ ನಿಲ್ದಾಣ ಶುರುವಾದದ್ದೇ ಪ್ರೊಪೆಲ್ಲರ್ ವಿಮಾನದಿಂದ. 1951ರ ಡಿಸೆಂಬರ್ 25ರಂದು ನೆಹರೂ ಅವರು ಬಂದು ಇಳಿದದ್ದು ಡಕೋಟಾದಲ್ಲಿ. ಆದರೆ ಈಗ ಅಲ್ಲಿ ಜೆಟ್‌ಗಳು. ಅವು ಬಿಟ್ಟುಹೋಗುವ ಸುಳಿಗಾಳಿ 600 ಕೆಜಿಯ ವಿಮಾನವನ್ನು ಮಗುಚಬಲ್ಲದು. ರೇಡಿಯೊ ಇಲ್ಲದೆ ಒಳಗೆ ಬಿಡುವುದಿಲ್ಲ. ಗುಡ್ಡದ ತಲೆ ಕಡಿದು ಮಾಡಿದ ರನ್‌ವೇ ಅದು, ಅಂಚಿನಲ್ಲಿ ಗಾಳಿ ಏಳುಬೀಳಾಗುತ್ತದೆ. ದೊಡ್ಡ ರನ್‌ವೇಯ ದಿಕ್ಕು 06–24, ಅಂದರೆ ಹೆಚ್ಚುಕಡಿಮೆ ಈಶಾನ್ಯದಿಂದ ನೈಋತ್ಯಕ್ಕೆ. ಮಧ್ಯಾಹ್ನದ ಕಡಲಗಾಳಿ ಪಡುವಣದಿಂದ ಓರೆಯಾಗಿ ಹೊಡೆಯುತ್ತದೆ, ಬಾಲಚಕ್ರದ ವಿಮಾನಕ್ಕೆ ಒಗ್ಗದ್ದೇ ಅದು. ಇನ್ನು ಎಂಜಿನ್ ನಿಂತರೆ ಇಳಿಯಲು ಜಾಗ ಎಲ್ಲಿದೆ? ಕೆಳಗೆ ಅಡಿಕೆ, ತೆಂಗಿನ ತೋಟ. ಗದ್ದೆಗಳು ಅಂಗೈಯಗಲ. ಪದವುಗಳ ಮೇಲೆಲ್ಲ ಈಗ ಮನೆಗಳು.

ಎಂಜಿನ್ ನಿಲ್ಲುವ ಕಾರಣವೂ ನಮ್ಮ ಗಾಳಿಯಲ್ಲೇ ಇದೆ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನ ಇಕ್ಕಟ್ಟಿನಲ್ಲಿ ಗಾಳಿ ಹಾಯುವಾಗ, ಪೆಟ್ರೋಲ್ ಆವಿಯಾಗುವಾಗ, ಒಳಗಿನ ಬಿಸಿ 20 ಡಿಗ್ರಿಗಿಂತ ಜಾಸ್ತಿ ಇಳಿಯಬಹುದು. ಹೊರಗೆ 25 ಡಿಗ್ರಿ ಸೆಕೆ, ಬೆವರು. ಒಳಗೆ ಐಸ್! ತೇವ ಜಾಸ್ತಿ ಇದ್ದಷ್ಟೂ ಇದು ಬೇಗ. ಈ ಕಾಂಟಿನೆಂಟಲ್ ಎಂಜಿನ್‌ಗಳಿಗೆ ಆ ಗುಣ ಮೊದಲಿನಿಂದಲೂ ಇದೆ. ಒಳಗೆ ಬಿಸಿಗಾಳಿ ಬಿಡುವ ಕಾರ್ಬುರೇಟರ್ ಹೀಟ್ ಗುಂಡಿಯನ್ನು ಇಳಿಯುವ ಮೊದಲು, ಎಂಜಿನ್ ಸುತ್ತು ಸುಮ್ನೆ ಕುಸಿದಾಗ, ಪೂರ್ತಿ ಎಳೆಯಬೇಕು. ಅರ್ಧ ಎಳೆಯುವುದಲ್ಲ.

ಹಾಗಾಗಿ ನನ್ನ ಸಲಹೆ ಹೀಗಿದೆ. ಬಿಚ್ಚುವ, ನೋಡುವ, ಒಣಗಿಸುವ ಕೆಲಸ ನಿಮ್ಮ ಕಾರ್ಖಾನೆಯಲ್ಲೇ ಆಗಲಿ. ಜಾಗ ದೊಡ್ಡದಿದೆ, ಗಾಳಿ ಆಡುತ್ತದೆ. ಆಮೇಲೆ ಚಳಿಗಾಲದಲ್ಲಿ, ಶಿರಾಡಿ ಘಾಟಿ ಒಣಗಿರುವಾಗ, ಲಾರಿಯಲ್ಲಿ ಘಟ್ಟ ಹತ್ತಿಸಿ. ಡಿಜಿಸಿಎ ಒಪ್ಪಿಗೆ ಇರುವ ನಿರ್ವಹಣಾ ಸಂಸ್ಥೆಯಲ್ಲಿ ಕೂಡಿಸಿ, ತೂಗಿ, ಅಲ್ಲೇ ತರಬೇತಿ ವಿಮಾನಗಳು ಹಾರುವ ಮೈದಾನವೊಂದರಲ್ಲಿ ಇಡಿ. ದೂರ ಆಯಿತು ಅನಿಸಬಹುದು. ವಾಯುಪಡೆಯೇ ತನ್ನ ಹಳೆಯ ಟೈಗರ್ ಮಾತ್ ವಿಮಾನವನ್ನು ಬಲ್ಲವರ ಕೈಯಲ್ಲಿ ಸರಿಪಡಿಸಲು ಇಂಗ್ಲೆಂಡಿಗೆ ಕಳಿಸಿ ತರಿಸಿಕೊಂಡಿತು. ಜೆ.ಆರ್.ಡಿ. ಟಾಟಾ 1982ರಲ್ಲಿ, 78ನೇ ವಯಸ್ಸಿನಲ್ಲಿ, ಹಳೆಯ ಲೆಪರ್ಡ್ ಮಾತ್‌ನಲ್ಲಿ ಕರಾಚಿಯಿಂದ ಮುಂಬೈಗೆ ಒಬ್ಬರೇ ಹಾರಿ ಬಂದರು. ಸರಿಯಾಗಿ ನೋಡಿಕೊಂಡ ವಿಮಾನಕ್ಕೆ ವಯಸ್ಸು ಅಡ್ಡಿಯಲ್ಲ.

ಈ ಭಾನುವಾರ ನೀವು ಮಾಡಬೇಕಾದದ್ದು ಇಷ್ಟು. ಮಾವನ ಕಪಾಟಿನಲ್ಲಿ ಆ ಮೂರು ಲಾಗ್‌ಬುಕ್ ಹುಡುಕಿ. ಗಾಳಿ ಅಳೆಯುವ ಕೊಳವೆ, ಪೆಟ್ರೋಲ್ ಟ್ಯಾಂಕಿನ ಉಸಿರು ತೂತು ಎರಡಕ್ಕೂ ಬಟ್ಟೆ ಕಟ್ಟಿ, ಕಣಜ ಅದರಲ್ಲಿ ಮಣ್ಣಿನ ಗೂಡು ಕಟ್ಟುತ್ತದೆ. ಆಮೇಲೆ ಬಾಲದ ಕೆಳಗೆ ಚಾಪೆ ಹಾಸಿ ಮಲಗಿ, ದಬ್ಬಣದಿಂದ ಕೆಳಗಿನ ಕೊಳವೆಯನ್ನು ಗೇಣಿಗೊಮ್ಮೆ ಒತ್ತಿ ನೋಡಿ. ಒಳಗೆ ಹೋದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಫೋಟೋ ಕಳಿಸಿ. ಗುರುತು ಎಷ್ಟು, ಎಲ್ಲೆಲ್ಲಿ ಎಂದು ನೋಡಿದ ಮೇಲೆ ಖರ್ಚಿನ ಲೆಕ್ಕ ಕೂತು ಮಾಡೋಣ.